ನಾಲ್ಕು ದನಿಯ ಲೆಕ್ಕ: ಸ್ಟ್ಯಾಂಟನ್ ಊರಿನ ಹಾಡುಗಾರರ ಬಗ್ಗೆ ತಮ್ಮನಿಗೆ

ಹ್ಯಾರಿಸನ್‌ಬರ್ಗ್, ವರ್ಜೀನಿಯಾ
ಅಕ್ಟೋಬರ್ 18

ಪ್ರೀತಿಯ ತಮ್ಮ ಸುಕುಮಾರನಿಗೆ,

ನಾವೆಲ್ಲ ಕ್ಷೇಮ. ಅಪ್ಪ ಅಮ್ಮನಿಗೆ, ಅಯ್ಯನವರಿಗೆ ನಮ್ಮ ವಂದನೆ ತಿಳಿಸು. ಧಾರವಾಡದಲ್ಲಿ ಮಳೆ ನಿಂತಿತೋ ಇಲ್ಲವೋ ಅಮ್ಮ ಬರೆಯಲೇ ಇಲ್ಲ.

ಚರ್ಚಿನ ಕೊಯರಿನ, ಅಂದರೆ ಹಾಡುವ ತಂಡದ, ನಾಲ್ಕು ಜನ ಗಂಡಸರು ಸೇರಿ ಬೇರೆ ತಂಡ ಕಟ್ಟಿದ್ದೀರಿ, ಇಲ್ಲಿನ ಸ್ಟ್ಯಾಂಟನ್ ಊರಿನ ಹಳೇ ಕಂಟ್ರಿ ಸಂಗೀತದ ನಾಲ್ವರ ತಂಡ ಸ್ಟ್ಯಾಟ್ಲರ್ ಬ್ರದರ್ಸ್ ಥರ ಕೇಳಿಸಬೇಕು ಅಂತ ಆಸೆ, ಆದರೆ ಪುಸ್ತಕದ ಸ್ವರ ನೋಡಿ ಹಾಡಿದರೆ ಎಲ್ಲ ಕಲಸಿ ಮಂಕಾಗುತ್ತದೆ ಅಂತ ಬರೆದಿದ್ದೀಯ. ಅದಕ್ಕೆ ಕಾರಣ ನಿಮ್ಮ ಗಂಟಲಲ್ಲ, ಪುಸ್ತಕ. ಸಂಗೀತ ಪುಸ್ತಕದ ನಾಲ್ಕು ಸಾಲು ಬರೆದಿರುವುದು ಹೆಂಗಸರೂ ಗಂಡಸರೂ ಕೂಡಿದ ಕೊಯರಿಗೆ. ಅಲ್ಲಿ ರಾಗದ ಸಾಲು, ಅಂದರೆ ಹಾಡಿನ ಮುಖ್ಯ ಧಾಟಿ, ಎಲ್ಲಕ್ಕಿಂತ ಮೇಲೆ. ಅದನ್ನೇ ನಾಲ್ಕು ಗಂಡಸರು ಒಂದು ಸ್ಥಾಯಿ ಇಳಿಸಿ ಹಾಡಿದರೆ ಆಲ್ಟೋ ಸಾಲು (ಹೆಂಗಸರ ತಗ್ಗು ದನಿಯದು) ಎಲ್ಲಕ್ಕಿಂತ ಕೆಳಗಿನ ಬೇಸ್ ಹತ್ತಿರಕ್ಕೆ ಬಂದು ಕೂರುತ್ತದೆ. ಮಂದ್ರದಲ್ಲಿ ಎರಡು ಸ್ವರ ಅಷ್ಟು ಹತ್ತಿರ ಇದ್ದರೆ ಗುಂಯ್‌ಗುಡುವುದು ಬಿಟ್ಟು ಬೇರೇನೂ ಕೇಳಿಸದು.

ಗಂಡಸರ ಕ್ವಾರ್ಟೆಟ್‌ನಲ್ಲಿ, ಅಂದರೆ ನಾಲ್ವರ ತಂಡದಲ್ಲಿ, ರಾಗ ಮೇಲಿನಿಂದ ಎರಡನೆಯದು. ಅದು ಲೀಡ್. ಅದರ ಮೇಲೆ ಟೆನರ್, ಕೆಳಗೆ ಬ್ಯಾರಿಟೋನ್, ತಳದಲ್ಲಿ ಬೇಸ್. ಸ್ಟ್ಯಾಟ್ಲರ್ಸ್‌ನಲ್ಲಿ ಲೀಡ್ ಡಾನ್ ರೀಡ್, ಬೇಸ್ ಅವರ ಅಣ್ಣ ಹೆರಾಲ್ಡ್ ರೀಡ್, ಬ್ಯಾರಿಟೋನ್ ಫಿಲ್ ಬಾಲ್ಸ್‌ಲಿ, ಟೆನರ್ ಲೂ ಡೆವಿಟ್. ನಾಲ್ವರಲ್ಲಿ ಅಣ್ಣತಮ್ಮ ಇಬ್ಬರೇ, ಸ್ಟ್ಯಾಟ್ಲರ್ ಮನೆತನದವರು ಒಬ್ಬರೂ ಇಲ್ಲ. ಅದು ಹೋಟೆಲ್ ಕೋಣೆಯಲ್ಲಿದ್ದ ಟಿಶ್ಯೂ ಪೇಪರ್ ಡಬ್ಬಿಯ ಮೇಲಿನ ಹೆಸರು. ಮೊದಲು ಕಿಂಗ್ಸ್‌ಮೆನ್ ಅಂತ ಇಟ್ಟುಕೊಂಡಿದ್ದರು, ಅದೇ ಹೆಸರಿನ ಇನ್ನೊಂದು ತಂಡ ಪ್ರಸಿದ್ಧವಾದ ಮೇಲೆ ಬದಲಿಸಬೇಕಾಯಿತು. ನೀವೂ ಬ್ಯಾನರ್ ಬರೆಸುವ ಮೊದಲು ಯೂಟ್ಯೂಬಿನಲ್ಲಿ ಆ ಹೆಸರು ಹುಡುಕಿ ನೋಡಿ.

ಪುಸ್ತಕದ ಸಾಲುಗಳನ್ನು ಹೀಗೆ ಹಂಚಿಕೊಳ್ಳಿ. ರಾಗವನ್ನು ಲೀಡ್ ಒಂದು ಸ್ಥಾಯಿ ಕೆಳಗೆ ಹಾಡಲಿ. ಆಲ್ಟೋ ಸಾಲನ್ನು ಟೆನರ್ ಬರೆದಿರುವ ಎತ್ತರದಲ್ಲೇ ಹಾಡಲಿ, ಆಗ ಅದು ತಾನಾಗಿ ಲೀಡ್ ಮೇಲೆ ಬರುತ್ತದೆ. ಪುಸ್ತಕದ ಟೆನರ್ ಸಾಲು ಬ್ಯಾರಿಟೋನ್‌ಗೆ. ಅದು ಲೀಡ್ ದಾಟಿ ಮೇಲೆ ಹೋದ ಕಡೆ, ಆ ಕಾರ್ಡಿನಲ್ಲಿ (ಒಟ್ಟಿಗೆ ಕೇಳುವ ಸ್ವರಗಳ ಗೊಂಚಲಿನಲ್ಲಿ) ಯಾರೂ ಹಿಡಿಯದ ಸ್ವರವನ್ನು ಕೆಳಗೆ ಹುಡುಕಿಕೊಳ್ಳಬೇಕು. ಬೇಸ್ ಇದ್ದ ಹಾಗೇ. ಆಮೇಲೆ ಇಡೀ ಹಾಡನ್ನು ಎರಡೋ ಮೂರೋ ಅರೆಸ್ವರ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ) ಇಳಿಸಿ, ಇಲ್ಲದಿದ್ದರೆ ಟೆನರ್ ಕಿರುಚಬೇಕಾಗುತ್ತದೆ. ಹೆಚ್ಚು ಇಳಿಸಿದರೆ ಬೇಸ್‌ಗೆ ಗಾಳಿ ಮಾತ್ರ ಬರುತ್ತದೆ, ದನಿ ಬರುವುದಿಲ್ಲ. ಶ್ರುತಿ ಗೊತ್ತುಮಾಡುವುದು ಈ ಇಬ್ಬರ ಹಗ್ಗಜಗ್ಗಾಟ. ಲೀಡ್‌ಗೆ ಯಾವುದು ಅನುಕೂಲ ಅಂತ ಕೇಳಬೇಡಿ, ಅವನದು ನಡುವಿನ ದನಿ, ಹೇಗೋ ಹೊಂದಿಕೊಳ್ಳುತ್ತಾನೆ.

ಸರಿಗಮದಲ್ಲಿ ಹೇಳುತ್ತೇನೆ, ಬೋರ್ಡಿನ ಮೇಲೆ ಬರೆದುಕೊ. ರಾಗ ಮಧ್ಯದ ಸ ಮೇಲೆ ನಿಂತರೆ ಟೆನರ್ ಗ, ಬ್ಯಾರಿಟೋನ್ ಕೆಳಗಿನ ಪ, ಬೇಸ್ ಮಂದ್ರ ಸ. ರಾಗ ಗ ಮೇಲಿದ್ದರೆ ಟೆನರ್ ಪ, ಬ್ಯಾರಿಟೋನ್ ಸ, ಬೇಸ್ ಮಂದ್ರ ಸ. ರಾಗ ಪ ಮೇಲಿದ್ದರೆ ಟೆನರ್ ಮೇಲಿನ ಸ, ಬ್ಯಾರಿಟೋನ್ ಗ, ಬೇಸ್ ಮತ್ತೆ ಮಂದ್ರ ಸ. ಮೂರರಲ್ಲೂ ಸ ಇಬ್ಬರ ಬಾಯಲ್ಲಿದೆ, ಗ ಒಬ್ಬನಲ್ಲಿ ಮಾತ್ರ. ಗ ಇಬ್ಬರು ಹಾಡಿದರೆ ಕಾರ್ಡು ಒಂದು ಕಡೆ ವಾಲುತ್ತದೆ. ಇನ್ನು ಪ, ನಿ, ರಿ, ಮ ಸೇರಿದ ಕಾರ್ಡು ಬಂದಾಗ ನಾಲ್ಕು ಸ್ವರ, ನಾಲ್ಕು ಜನ, ಯಾರ ಬಳಿಯೂ ಎರಡನೇ ಪ್ರತಿ ಇಲ್ಲ. ಒಬ್ಬ ಉಸಿರು ತೆಗೆದುಕೊಂಡರೂ ಅಲ್ಲಿ ಗುಂಡಿ ಬೀಳುತ್ತದೆ. ನೀನು ಹೇಳಿದ ‘ಮಧ್ಯದಲ್ಲಿ ಖಾಲಿ ಅನ್ನಿಸುತ್ತದೆ’ ಅನ್ನುವುದು ಹೆಚ್ಚಾಗಿ ಅಲ್ಲೇ ಇರಬೇಕು.

ಇನ್ನೊಂದು, ಅಭ್ಯಾಸದಲ್ಲಿ ಕೀಬೋರ್ಡ್ ಮುಚ್ಚಿಡಿ. ತಂಬೂರಿಯಲ್ಲಿ ತಾನಾಗಿ ಕೇಳುವ ಗ ಇದೆಯಲ್ಲ, ಕೀಬೋರ್ಡಿನ ಗ ಅದಕ್ಕಿಂತ ಅರೆಸ್ವರದ ನೂರರಲ್ಲಿ ಸುಮಾರು 14 ಪಾಲು ಏರು. ಗ ಹಾಡುವವನು ಬೇಸ್‌ನ ಸ ಕೇಳಿಸಿಕೊಂಡು ಕೂರಿಸಿದರೆ ನಾಲ್ಕೂ ದನಿ ಬೆಸೆದು, ಯಾರೂ ಹಾಡದ ಐದನೆಯ ದನಿಯೊಂದು ಮೇಲೆ ಕೇಳುತ್ತದೆ. ಧಾರವಾಡದಲ್ಲಿ ಬೆಳೆದ ಕಿವಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅದೇ ಕಿವಿಯಿಂದ ಬರುವ ತೊಂದರೆಯೂ ಒಂದಿದೆ: ಮೀಂಡು, ಮುರ್ಕಿ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬಳುಕಿಸುವುದು. ಲೀಡ್ ಜಾರಿದ ಕ್ಷಣ ಉಳಿದ ಮೂವರು ನಿಂತಲ್ಲೇ ಇರುತ್ತಾರೆ, ಆ ನಡುವಿನ ಸ್ವರಗಳೆಲ್ಲ ಅವರಿಗೆ ತಾಗುತ್ತವೆ. ಅಲಂಕಾರ ಮಾಡುವುದಿದ್ದರೆ ಲೀಡ್ ಒಬ್ಬನೇ ಹಾಡುವ ಚರಣದಲ್ಲಿ ಮಾಡಲಿ.

ಈಗ ಸ್ಟ್ಯಾಟ್ಲರ್ಸ್ ವೃತ್ತಿಯ ವಿಷಯ. ಇಷ್ಟು ವರ್ಷ ಹೇಗೆ ಉಳಿದರು ಅಂತ ಕೇಳಿದ್ದೀಯ. 1955ರಲ್ಲಿ ಸ್ಟ್ಯಾಂಟನ್ ಹತ್ತಿರದ ಲಿಂಡ್‌ಹರ್ಸ್ಟ್ ಮೆಥಡಿಸ್ಟ್ ಚರ್ಚಿನಲ್ಲಿ ಹಾಡಿದ್ದು ಶುರು. ಆಗ ಡಾನ್ ಇನ್ನೂ ಹುಡುಗ, ಲೀಡ್ ಬೇರೆಯವರು. ಐದಾರು ವರ್ಷದ ಮೇಲೆ ಅವರು ಬಿಟ್ಟಾಗ ಡಾನ್ ಬಂದರು. 1964ರಿಂದ ಎಂಟು ವರ್ಷ ಪ್ರಸಿದ್ಧ ಕಂಟ್ರಿ ಗಾಯಕ ಜಾನಿ ಕ್ಯಾಶ್ ತಂಡದಲ್ಲಿ ದುಡಿದರು. ಕಾರ್ಯಕ್ರಮದ ಮೊದಲು ತಮ್ಮದೊಂದಿಷ್ಟು ಹಾಡು, ಆಮೇಲೆ ಕ್ಯಾಶ್ ಹಿಂದೆ ನಿಂತು ದನಿಗೂಡಿಸುವುದು. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿನ ಕಾರ್ಯಕ್ರಮದಲ್ಲೂ ಇದ್ದರು. ಹೊಸ ತಂಡಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ ಅನ್ನುವುದು ನನ್ನ ಎಣಿಕೆ. ಜನ ಬಂದಿರುವುದು ಇನ್ನೊಬ್ಬರಿಗಾಗಿ, ಕೈಯಲ್ಲಿರುವುದು ಕೆಲವೇ ನಿಮಿಷ, ಮೊದಲ ಕಾರ್ಡೇ ಸರಿಯಾಗಿ ಬೀಳಬೇಕು.

1965ರಲ್ಲಿ ಕೊಲಂಬಿಯಾ ಕಂಪನಿಯಿಂದ ಬಂದ ‘ಫ್ಲವರ್ಸ್ ಆನ್ ದಿ ವಾಲ್’ ಜನಪ್ರಿಯ ಹಾಡುಗಳ ಕಂಟ್ರಿ ಪಟ್ಟಿಯಲ್ಲಿ 2ನೇ ಸ್ಥಾನಕ್ಕೂ ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೂ ಏರಿತು. ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದವು. ಬರೆದವರು ಟೆನರ್ ಡೆವಿಟ್. ಇಲ್ಲೊಂದು ಕಾನೂನು ತಿಳಿದಿರಲಿ: ಅಮೆರಿಕದ ಮಾಮೂಲಿ ರೇಡಿಯೋದಲ್ಲಿ ಹಾಡು ಬಂದರೆ ಹಣ ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡಿದವರಿಗೆ ರೇಡಿಯೋದಿಂದ ಬಿಡಿಗಾಸಿಲ್ಲ, ಅವರು ರೆಕಾರ್ಡ್ ಮಾರಾಟ ಮತ್ತು ಕಾರ್ಯಕ್ರಮದ ಸಂಭಾವನೆ ನೆಚ್ಚಿಕೊಳ್ಳಬೇಕು. ಎಷ್ಟೋ ತಂಡಗಳು ಒಂದು ದೊಡ್ಡ ಹಾಡಿನ ಮೇಲೆ ಒಡೆಯುವುದಕ್ಕೆ ಇದೇ ಕಾರಣ: ನಾಲ್ವರ ದನಿ, ಒಬ್ಬರ ಚೆಕ್ಕು. ಇವರು ಮುಂದೆ ಡಾನ್, ಹೆರಾಲ್ಡ್ ಸೇರಿ ಬರೆದದ್ದನ್ನೇ ಹೆಚ್ಚು ಹಾಡಿದರು, ಹೊರಗಿನ ಹಾಡಿಗೆ ಕಾಯುತ್ತ ಕೂರಲಿಲ್ಲ. ನೀವೂ ಯಾರು ಏನು ಬರೆದರು ಅಂತ ತಾರೀಖು ಹಾಕಿ ಬರೆದಿಡಿ, ಅಣ್ಣತಮ್ಮಂದಿರಾದರೂ ಸರಿ.

ಆ ಹಾಡಿನ ನಂತರ ಕೆಲವು ವರ್ಷ ಅಂಥದ್ದು ಮತ್ತೆ ಬರಲಿಲ್ಲ. 1970ರಲ್ಲಿ ಮರ್ಕ್ಯುರಿ ಕಂಪನಿಗೆ ಬಂದು ಜೆರಿ ಕೆನಡಿ ನಿರ್ಮಾಪಕರಾದ ಮೇಲೆ ತಮ್ಮ ದಾರಿ ಕಂಡುಕೊಂಡರು. ಶಾಲೆ, ಊರು, ಹಳೇ ಸಿನಿಮಾ, ಕಳೆದುಹೋದ ದಿನಗಳು. 1972ರ ‘ದಿ ಕ್ಲಾಸ್ ಆಫ್ ’57’ ಅಂತೂ ಒಬ್ಬೊಬ್ಬ ಸಹಪಾಠಿ ಈಗ ಏನು ಮಾಡಿಕೊಂಡಿದ್ದಾನೆ ಅನ್ನುವ ಪಟ್ಟಿ, ಅದಕ್ಕೂ ಒಂದು ಗ್ರ್ಯಾಮಿ. ಇಂಥ ಹಾಡಿನಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು, ಹಾಗಾಗಿ ನಾಲ್ಕು ದನಿ ಉದ್ದಕ್ಕೂ ಇರಬಾರದು. ಚರಣಕ್ಕೆ ಒಬ್ಬನೋ ಇಬ್ಬರೋ, ಪಲ್ಲವಿಗೆ ನಾಲ್ವರೂ. ಮೊದಲಿನಿಂದ ಕೊನೆಯವರೆಗೆ ನಾಲ್ಕು ದನಿ ಹಾಕುವ ತಂಡದ ಮೂರನೇ ಹಾಡಿಗೆ ಜನ ಮೊಬೈಲು ತೆಗೆಯುತ್ತಾರೆ.

ಹಾಸ್ಯಕ್ಕೂ ಜಾಗ ಇತ್ತು. ರೋಡ್‌ಹಾಗ್ ಮೋರನ್ ಅನ್ನುವ ಹಳ್ಳಿ ಬ್ಯಾಂಡಿನ ವೇಷ ಹಾಕಿ, ಬೇಕೆಂದೇ ಶ್ರುತಿ ತಪ್ಪಿಸಿ ಹಾಡಿದ ಇಡೀ ಆಲ್ಬಮ್ 1974ರಲ್ಲಿ ಬಂತು. ನಾಲ್ವರೂ ಕೂಡಿ ಅಷ್ಟು ಚೆನ್ನಾಗಿ ಕೆಟ್ಟದಾಗಿ ಹಾಡಲು ಶ್ರುತಿ ಎಲ್ಲಿದೆ ಅಂತ ಗಟ್ಟಿಯಾಗಿ ಗೊತ್ತಿರಬೇಕು.

ನಿಜವಾದ ಪರೀಕ್ಷೆ ಬಂದದ್ದು 1981ರ ಕೊನೆಗೆ. ಡೆವಿಟ್‌ಗೆ ಹರೆಯದಿಂದಲೇ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ, ತಿರುಗಾಟ ಸಾಧ್ಯವಾಗದೆ ಹೋಯಿತು. ವರ್ಜೀನಿಯಾದ ಒಂದು ಸ್ಕೀ ರೆಸಾರ್ಟ್‌ನಲ್ಲಿ ಹಾಡುತ್ತಿದ್ದ ಜಿಮ್ಮಿ ಫಾರ್ಚ್ಯೂನ್ ಹೆಸರನ್ನು ಅವರೇ ಸೂಚಿಸಿದರು. ತಾತ್ಕಾಲಿಕವಾಗಿ ಬಂದ ಫಾರ್ಚ್ಯೂನ್ 1982ರಲ್ಲಿ ಕಾಯಂ ಆದರು. ಡೆವಿಟ್ 1990ರಲ್ಲಿ ತೀರಿಕೊಂಡರು. ಟೆನರ್ ಬದಲಾದರೆ ತಂಡದ ಬಣ್ಣವೇ ಬದಲಾಗುತ್ತದೆ, ಯಾಕೆಂದರೆ ರಾಗದ ಮೇಲೆ ಕೂರುವ ದನಿ ಅದೊಂದೇ. ಬೇರೆ ತಂಡಗಳು ಹಳೇ ಟೆನರ್‌ನ ನಕಲು ಹುಡುಕುತ್ತವೆ. ಫಾರ್ಚ್ಯೂನ್ ದನಿ ಬೇರೆಯೇ, ಆದರೂ ಇವರು ಅದಕ್ಕೆ ಜಾಗ ಬಿಟ್ಟರು, ಅವರ ಹಾಡುಗಳಿಗೂ ಬಿಟ್ಟರು. ಕಂಟ್ರಿ ಪಟ್ಟಿಯಲ್ಲಿ ಈ ತಂಡ 1ನೇ ಸ್ಥಾನಕ್ಕೇರಿದ್ದು ನಾಲ್ಕೇ ಬಾರಿ. 1978ರದ್ದು ಒಂದು ಬಿಟ್ಟರೆ ಉಳಿದ ಮೂರೂ, ‘ಎಲಿಜಬೆತ್’ ಸೇರಿದಂತೆ, ಫಾರ್ಚ್ಯೂನ್ ಬರೆದವು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ತಂಡ ಪ್ರಶಸ್ತಿ ಒಂಬತ್ತು ಸಲ ಬಂದಿದೆ, ಕೊನೆಯದು 1984ರಲ್ಲಿ, ಅಂದರೆ ಹೊಸ ಟೆನರ್ ಜೊತೆ.

ನಿಮ್ಮಲ್ಲಿ ಒಬ್ಬನಿಗೆ ಬೆಂಗಳೂರಿಗೆ ವರ್ಗ ಆದರೆ ಏನು ಮಾಡುತ್ತೀರಿ? ಈಗಲೇ ಪ್ರತಿಯೊಬ್ಬನೂ ಪಕ್ಕದವನ ಸಾಲನ್ನೂ ಕಲಿಯಲಿ. ಹೊಸಬನನ್ನು ನೋಡುವಾಗ ದೊಡ್ಡ ದನಿಗೆ ಮರುಳಾಗಬೇಡಿ, ಅವನು ಅ, ಇ, ಉ ಮೊದಲಾದ ಸ್ವರಾಕ್ಷರ ಹೇಗೆ ಹೇಳುತ್ತಾನೆ ಕೇಳಿ. ನಾಲ್ವರೂ ‘ದೇವರು’ ಅಂತ ಹಾಡಿ, ಕೊನೆಯ ಉಕಾರ ಎಂಟು ಎಣಿಕೆ ಹಿಡಿಯಿರಿ. ಒಬ್ಬ ಉ, ಇನ್ನೊಬ್ಬ ಅರ್ಧ ಅ ಕಡೆ ಸರಿದರೆ ಸ್ವರ ಸರಿಯಿದ್ದರೂ ಕಾರ್ಡು ಬೆಸೆಯುವುದಿಲ್ಲ. ಇಂಗ್ಲಿಷ್ ತಂಡಗಳು ಪದದ ಕೊನೆಯ ಸ್, ಟ್ ಅಕ್ಷರಗಳನ್ನು ಒಟ್ಟಿಗೆ ಮುಚ್ಚಲು ಒದ್ದಾಡುತ್ತವೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ನಮಗೆ ಆ ಕಷ್ಟ ಕಡಿಮೆ, ಬಾಯಿಯ ಆಕಾರ ಕಾಯುವ ಕಷ್ಟ ಜಾಸ್ತಿ. ಎದುರುಬದುರು ನಿಂತು, ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಅಭ್ಯಾಸ ಮಾಡಿ.

ಮೈಕಿನ ವಿಷಯ ಮರೆಯುವ ಮೊದಲು. ಚರ್ಚಿನಲ್ಲಿರುವ ಮಾಮೂಲಿ ಕೈಮೈಕು ಬಾಯಿಗೆ ಹತ್ತಿರ ತಂದಷ್ಟೂ ತಗ್ಗು ದನಿಯನ್ನು ಉಬ್ಬಿಸುತ್ತದೆ. ಬೇಸ್ ಎರಡು ಬೆರಳಿನಷ್ಟು ಹತ್ತಿರ ಹಿಡಿಯಲಿ, ಟೆನರ್ ಒಂದು ಗೇಣು ದೂರ. ನಾಲ್ವರೂ ಬಾಯಿಗೆ ಅಂಟಿಸಿಕೊಂಡರೆ ಮತ್ತೆ ಅದೇ ಮಂಕು.

ಮನೆ ಬಿಟ್ಟು ಹೋಗದೆ ಇದ್ದದ್ದೂ ಅವರು ಉಳಿಯಲು ಕಾರಣ ಅಂತ ನನಗೆ ಅನ್ನಿಸುತ್ತದೆ. ರೆಕಾರ್ಡಿಂಗ್ ಆಗುತ್ತಿದ್ದದ್ದು ಸುಮಾರು 800 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ನಲ್ಲಿ, ಸಂಸಾರ ಮಾತ್ರ ಕೊನೆಯವರೆಗೂ ಸ್ಟ್ಯಾಂಟನ್‌ನಲ್ಲಿ. ತಾವು ಓದಿದ ಹಳೇ ಶಾಲೆಯ ಕಟ್ಟಡ ಕೊಂಡು ಆಫೀಸು ಮಾಡಿಕೊಂಡರು. 1970ರಿಂದ 25 ವರ್ಷ ಪ್ರತಿ ಜುಲೈ 4ಕ್ಕೆ, ಅಮೆರಿಕದ ಸ್ವಾತಂತ್ರ್ಯ ದಿನದಂದು, ಊರಿನ ಜಿಪ್ಸಿ ಹಿಲ್ ಪಾರ್ಕಿನಲ್ಲಿ ಪುಕ್ಕಟೆ ಹಾಡಿದರು. ಸುಮಾರು 25 ಸಾವಿರ ಜನರ ಊರಿಗೆ ಹತ್ತಾರು ಸಾವಿರ ಜನ ಬರುತ್ತಿದ್ದರು. 1991ರಿಂದ 1998ರವರೆಗೆ ಶನಿವಾರ ರಾತ್ರಿ ಟಿವಿ ಕಾರ್ಯಕ್ರಮ. 2002ರ ಅಕ್ಟೋಬರ್ 26ರಂದು ವರ್ಜೀನಿಯಾದಲ್ಲೇ, ಸೇಲಂ ಊರಿನಲ್ಲಿ ಕೊನೆಯ ಕಾರ್ಯಕ್ರಮ ಮಾಡಿ ನಿಲ್ಲಿಸಿದರು. ‘ಮತ್ತೊಮ್ಮೆ ಕೊನೆಯ ಸಲ’ ಅಂತ ತಿರುಗಿ ಬರಲಿಲ್ಲ. 2008ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರಿದರು. ಹೆರಾಲ್ಡ್ 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಕ್ರಿಸ್ಮಸ್‌ಗೆ ಮೂರು ಹಾಡು ಸಾಕು. ಅಭ್ಯಾಸ ಮಾಡುವಾಗ ನಾಲ್ವರೂ ತಮ್ಮ ತಮ್ಮ ಮೊಬೈಲಿನಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡಿ, ಶುರುವಿಗೆ ಒಂದು ಚಪ್ಪಾಳೆ ಹೊಡೆಯಿರಿ. ಆ ಚಪ್ಪಾಳೆ ಹಿಡಿದು ಇಲ್ಲಿ ನಾಲ್ಕನ್ನೂ ಜೋಡಿಸಿ ಯಾರ ಸಾಲು ಎಲ್ಲಿ ಜಾರುತ್ತಿದೆ ಅಂತ ಬರೆಯುತ್ತೇನೆ. ಬ್ಯಾರಿಟೋನ್ ಹುಡುಗನದು ಮೊದಲು ಕಳಿಸು. ಯಾರ ಕಿವಿಗೂ ಬೀಳದ ಸಾಲು ಅದು, ತಪ್ಪುಗಳೆಲ್ಲ ಅಡಗಿಕೊಳ್ಳುವುದೂ ಅಲ್ಲೇ.

ಭಾವ ನಿನ್ನನ್ನು ಕೇಳಿದರು. ಅಮ್ಮನಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡು.

ನಿನ್ನ ಪ್ರೀತಿಯ
ಅಕ್ಕ