ಕುರಿ ಕಂದು ಹಾಕಿದ್ದಕ್ಕೂ ಚಿಕ್ಕಪ್ಪನ ಜ್ವರಕ್ಕೂ ನಂಟು ಐತೆ

ಮಾನ್ಯ ಸಂಪಾದಕರೇ,

ನಮ್ದು ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ, ಮನೇಲಿ ಅರವತ್ತು ಕುರಿ ಅದಾವೆ. ಹೋದ ವರ್ಷ ಒಂದರ ಹಿಂದೆ ಒಂದು ಐದಾರು ಕುರಿ ಕಂದು ಹಾಕಿದ್ವು, ಅಂದ್ರೆ ದಿನ ತುಂಬೋ ಮೊದಲೇ ಗರ್ಭ ಇಳಿದು ಸತ್ತ ಮರಿ ಬಿದ್ವು, ಚಿಕ್ಕಪ್ಪ ಬರಿಗೈಲೇ ಸತ್ತ ಮರಿ ಎಳೆದು, ಕಸ (ಮರಿ ಜೊತೆ ಬೀಳೋ ಮಾಸು) ತೆಗೆದು ಬೇಲಿ ಆಚೆ ಎಸೆದು, ಕೈನ ಪಂಚೆಗೆ ಒರೆಸ್ಕೊಂಡು ಬೀಡಿ ಹಚ್ಚಿದ್ರು. ತಿಂಗಳೊಳಗೆ ಜ್ವರ ಶುರು. ಬೆಳಗ್ಗೆ ಚೆನ್ನಾಗೇ ಇರೋರು, ಸಂಜೆ ಆದ್ರೆ ಮೈ ಸುಡೋದು, ರಾತ್ರಿ ಬೆವತು ಹಾಸಿಗೆ ಎಲ್ಲಾ ಒದ್ದೆ, ಸೊಂಟ ಹಿಡ್ಕೊಂಡು ಏಳಕ್ಕೇ ಆಗ್ತಿರ್ಲಿಲ್ಲ. ಟೈಫಾಯ್ಡ್ ಅಂದ್ರು, ಆಮೇಲೆ ಟಿಬಿ ಇರಬೋದು ಅಂತ ಎಕ್ಸ್‌ರೇ ತೆಗೆದ್ರು, ನಾಲ್ಕು ತಿಂಗಳು ಅಲೆದ್ವಿ, ಒಬ್ರಾದ್ರೂ 'ಮನೇಲಿ ಕುರಿ ದನ ಐತೇನಪ್ಪಾ' ಅಂತ ಕೇಳ್ಲಿಲ್ಲ. ಕೊನೆಗೆ ದಾವಣಗೆರೇಲಿ ಒಬ್ಬ ಡಾಕ್ಟ್ರು ಕೇಳಿದ್ರು, ರಕ್ತ ಟೆಸ್ಟ್ ಮಾಡ್ಸಿದ್ರು, ಬ್ರುಸೆಲ್ಲೋಸಿಸ್ ಅಂತ ಗೊತ್ತಾಯ್ತು, ಕುರಿ ಆಡು ದನದಿಂದ ಮನುಷ್ಯರಿಗೆ ಬರೋ ರೋಗ ಇದು. ಡಾಕ್ಸಿಸೈಕ್ಲಿನ್ನೂ ರಿಫಾಂಪಿಸಿನ್ನೂ ಅನ್ನೋ ಎರಡು ಔಷಧಿ ಸೇರಿಸಿ ಆರು ವಾರ ತಗೋಬೇಕು, ಮಧ್ಯ ಬಿಟ್ರೆ ತಿರುಗಿ ಬರುತ್ತೆ ಅಂತ ಗದರಿಸಿ ಕಳಿಸಿದ್ರು.

ಇದೇನು ಹೊಸ ರೋಗ ಅಲ್ಲ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳನ್ನ ಮಲಗಿಸಿದ್ದ ಜ್ವರ ಇದೇ, ಡೇವಿಡ್ ಬ್ರೂಸ್ ಅನ್ನೋ ಡಾಕ್ಟ್ರು 1887ರಲ್ಲೇ ಇದರ ರೋಗಾಣು ಕಂಡುಹಿಡಿದಿದ್ರು, ಅದು ಆಡಿನ ಹಸಿ ಹಾಲಿಂದ ಬರ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ನಮ್ಮಲ್ಲಿ ಕುರಿಗಾರರು ಈಗ್ಲೂ ಕರೆದ ತಕ್ಷಣ ನೊರೆಹಾಲು ಕುಡಿಯೋದು, ಶಕ್ತಿ ಬರುತ್ತೆ ಅಂತ! ಕಾಯ್ಸಿ ಕುದಿಸಿದ್ರೆ ರೋಗಾಣು ಸಾಯುತ್ತೆ. ಆದ್ರೆ ಕಂದು ಹಾಕಿದಾಗ ಬೀಳೋ ನೀರು, ಕಸ ಮುಟ್ಟಿದ್ರೆ ಕೈಮೇಲಿನ ಸಣ್ಣ ಗಾಯದಿಂದಾನೂ ಒಳಗೆ ಹೋಗುತ್ತೆ, ರೊಪ್ಪ (ಕುರಿ ಕೂಡೋ ಜಾಗ) ಗುಡಿಸೋವಾಗ ಏಳೋ ಧೂಳಲ್ಲೂ ಇರಬೋದು, ಅದನ್ನ ಗುಡಿಸೋರು ನಮ್ಮ ಹೆಣ್ಮಕ್ಕಳು, ಬಸುರಿ ಹೆಂಗಸಿಗೆ ತಗುಲಿದ್ರೆ ಗರ್ಭ ಇಳಿಯೋ ಭಯ ಬೇರೆ. ಮಟನ್ ಅಂಗಡಿಯೋರು, ಪಶು ಡಾಕ್ಟ್ರು, ಲ್ಯಾಬ್‌ನೋರಿಗೂ ಅಪಾಯ ತಪ್ಪಿದ್ದಲ್ಲ, ಕರುವಿಗೆ ಹಾಕೋ ಈ ರೋಗದ ಲಸಿಕೆ ಸೂಜಿ ಕೈಗೆ ಚುಚ್ಚಿದ್ರೂ ಬರುತ್ತೆ. ಮನುಷ್ಯರಿಂದ ಮನುಷ್ಯರಿಗೆ ಹರಡೋದು ತೀರಾ ಅಪರೂಪ, ಆದ್ರೂ ಪಕ್ಕದ ಮನೆಯೋರು ನಮ್ಮನೇಲಿ ನೀರು ಕುಡಿಯೋದೇ ಬಿಟ್ಟಿದ್ರು.

ಸರ್ಕಾರ ಪುಕ್ಕಟೆ ಕೊಡೋ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಅಂದ್ರೆ ದನ ಎಮ್ಮೆಗೆ. ಮನುಷ್ಯರಿಗೆ ಲಸಿಕೆನೇ ಇಲ್ಲ. ಹಂಗಿದ್ಮೇಲೆ ಸತ್ತ ಮರೀನ ಆಳವಾಗಿ ಹೂಳಿ ಸುಣ್ಣ ಹಾಕಿ, ಗ್ಲೌಸ್ ಇಲ್ದಿದ್ರೆ ಕೈಗೆ ಪ್ಲಾಸ್ಟಿಕ್ ಕವರ್ರಾದ್ರೂ ಕಟ್ಕೊಳ್ಳಿ ಅಂತ ಹೇಳೋರಾದ್ರೂ ಬೇಕಲ್ವಾ? ನಮ್ಮ ಕುರಿ ಕಂದು ಹಾಕಿದ್ದು ಪಶು ಆಸ್ಪತ್ರೆಯೋರಿಗೆ ಗೊತ್ತಿತ್ತು, ಚಿಕ್ಕಪ್ಪನ ಜ್ವರ ಜನರ ಆಸ್ಪತ್ರೆಯೋರಿಗೆ ಗೊತ್ತಿತ್ತು, ಇಬ್ರೂ ಮಾತಾಡ್ಲಿಲ್ಲ ಅಷ್ಟೇ. ಚಿತ್ರದುರ್ಗ ಜಿಲ್ಲೇಲಿ ಎರಡು ವಾರ ದಾಟಿದ ಜ್ವರ ಅಂತ ಯಾರೇ ಬಂದ್ರೂ ಓಪಿ ಚೀಟಿ ಮೇಲೆ 'ಕುರಿ, ಆಡು, ದನ ಐತಾ, ಕಂದು ಹಾಕಿದ್ವಾ' ಅನ್ನೋ ಒಂದು ಸಾಲು ಬರೆಸಿ ಅಂತ ಆರೋಗ್ಯ ಇಲಾಖೆಯೋರನ್ನ ಕೇಳ್ಕೊತೀನಿ.

– ಕುರಿಗಾರರ ಮನೆಯ ಹುಡುಗ, ಚಳ್ಳಕೆರೆ ತಾಲೂಕು