ಮಗಳು ನಡೆಯೋಕೆ ಶುರು ಮಾಡಿದ ಗೆಳೆಯನಿಗೊಂದು ಪತ್ರ

ಲೋ ಮಂಜ,

ನೀನು ಕಳಿಸಿದ ಲಿಸ್ಟ್ ನೋಡ್ದೆ. ಟೇಬಲ್ ಮೂಲೆಗೆ ಅಂಟಿಸೋ ರಬ್ಬರು, ಡ್ರಾಯರ್ ಲಾಕು, ಪ್ಲಗ್ ಮುಚ್ಚಳ, ಬಾಗಿಲಿಗೆ ಸ್ಪಂಜು. ತಗೋ, ಬೇಡ ಅನ್ನಲ್ಲ. ಆದ್ರೆ ಪಾರ್ಸಲ್ ಬರೋವರೆಗೂ ಕಾಯೋ ಕೆಲಸ ಅಲ್ಲ ಇದು, ಇವತ್ತೇ ಎದ್ದು ಬಾತ್‌ರೂಮಲ್ಲಿ ತುಂಬಿಟ್ಟಿರೋ ಬಕೆಟ್‌ಗಳನ್ನ ನೋಡು. ಟೇಬಲ್ ಮೂಲೆ ತಗುಲಿದ್ರೆ ಹಣೇಲಿ ಬುಗುಟೆ ಬರತ್ತೆ, ಅಳ್ತಾಳೆ, ಮರೀತಾಳೆ. ನೀರು ಹಂಗಲ್ಲ.

ನಿಮ್ಮ ಕಡೆ ಕಾವೇರಿ ನೀರು ದಿನ ಬಿಟ್ಟು ದಿನ ಬರೋದು, ಹಂಗಾಗಿ ಡ್ರಮ್ಮು ಬಕೆಟ್ಟು ಕೊಡ ಎಲ್ಲಾ ತುಂಬಿಸಿಡ್ತೀರ, ಗೊತ್ತು. ಈ ವಯಸ್ಸಲ್ಲಿ ಮೈ ಅಳತೆಗೆ ತಲೆ ಭಾರ ಜಾಸ್ತಿ ಕಣೋ, ಬಕೆಟ್ ಅಂಚು ಹಿಡ್ಕೊಂಡು ಒಳಗಿರೋ ಮಗ್ಗಿಗೆ ಕೈ ಹಾಕಿ ಬಗ್ತಾರೆ, ತಲೆಕೆಳಗಾಗಿ ಬೀಳ್ತಾರೆ, ಮತ್ತೆ ಎದ್ದೇಳೋ ಶಕ್ತಿ ಇರಲ್ಲ, ಮೂಗು ಬಾಯಿ ಮುಳುಗೋಷ್ಟು ನೀರಿದ್ರೆ ಸಾಕು. ಸದ್ದೂ ಆಗಲ್ಲ, ಪಕ್ಕದ ರೂಮಲ್ಲಿ ಟಿವಿ ನೋಡ್ತಾ ಕೂತೋರಿಗೆ ಗೊತ್ತೇ ಆಗಲ್ಲ. ಅದಕ್ಕೆ ಬಕೆಟ್ ಖಾಲಿ ಮಾಡಿ ಬೋರಲು ಹಾಕು, ಡ್ರಮ್ಮಿಗೆ ಗಟ್ಟಿ ಮುಚ್ಚಳ ಹಾಕು, ಬಾತ್‌ರೂಮ್ ಬಾಗಿಲಿಗೆ ಹೊರಗಡೆ ಮೇಲ್ಗಡೆ ಒಂದು ಚಿಲಕ ಹಾಕಿಸು. ಒಳಗಡೆ ಅವಳ ಕೈಗೆ ಸಿಗೋ ಚಿಲಕ ಬಿಚ್ಚಿಸಿಬಿಡು, ಇಲ್ದಿದ್ರೆ ಒಂದಿನ ತಾನೇ ಹಾಕ್ಕೊಂಡು ಒಳಗೆ ಕೂತು ನಿಮ್ಮ ಕೈಲಿ ಬಾಗಿಲು ಒಡೆಸ್ತಾಳೆ.

ಇದಕ್ಕಿಂತ ಮುಖ್ಯ ಪಾರ್ಕಿಂಗಲ್ಲಿರೋ ಸಂಪು. ಟ್ಯಾಂಕರ್‌ನೋರು ಪೈಪ್ ಇಳಿಸಿ ಮುಚ್ಚಳ ಅರ್ಧ ಎಳೆದು ಹೋಗ್ತಾರೆ, ತಗಡು ತುಕ್ಕು ಹಿಡಿದಿದ್ರೆ ಮುಚ್ಚಿದ್ರೂ ಪ್ರಯೋಜನ ಇಲ್ಲ. ಓನರ್ ಹತ್ರ ಮಾತಾಡಿ ಕಬ್ಬಿಣದ ಮುಚ್ಚಳ, ಬೀಗ ಹಾಕಿಸು. ಕೊಂಕು ತೆಗೆದ್ರೆ ಬೀಗ ನೀನೇ ತಂದು ಹಾಕು.

ಆಮೇಲೆ ಬಿಸಿ. ಗೀಸರ್ ಡಯಲ್ 50 ಡಿಗ್ರಿ ಒಳಗಿಡು, 60 ಡಿಗ್ರಿ ನೀರು ಕೆಲವೇ ಸೆಕೆಂಡಲ್ಲಿ ಮಕ್ಕಳ ಚರ್ಮ ಸುಟ್ಟುಬಿಡತ್ತೆ. ಸ್ನಾನಕ್ಕೆ ಮೊದ್ಲು ತಣ್ಣೀರು ಬಿಟ್ಟು ಆಮೇಲೆ ಬಿಸಿ ಬೆರೆಸಿ. ನೀವೆಲ್ಲ ನೆಲದ ಮೇಲೆ ಕೂತು ಊಟ ಮಾಡ್ತೀರಲ್ಲ, ಕುದಿಯೋ ಸಾರಿನ ಪಾತ್ರೆ ಚಾಪೆ ಹತ್ರ ತರಲೇಬೇಡಿ. ಕೆಟಲ್ ವೈರು ಕಟ್ಟೆಯಿಂದ ಜೋತಾಡ್ತಿದ್ರೆ ಹಿಡಿದು ಎಳೆಯೋದೇ ಅವಳ ಕೆಲಸ. ಸುಟ್ರೆ 20 ನಿಮಿಷ ನಲ್ಲಿ ನೀರು ಬಿಡ್ತಾ ಇರು, ಟೂತ್‌ಪೇಸ್ಟೂ ಬೇಡ, ದೋಸೆ ಹಿಟ್ಟೂ ಬೇಡ, ಇಂಕೂ ಬೇಡ. ಯಾರಾದ್ರೂ ತಂದೇ ತರ್ತಾರೆ, ಬಿಡಬೇಡ.

ಅಜ್ಜಿ ರೂಮು ಮರೀಬೇಡ. ನಿಮ್ಮಮ್ಮ ಬಿಪಿ ಮಾತ್ರೆ, ಶುಗರ್ ಮಾತ್ರೆ ದಿಂಬಿನ ಪಕ್ಕ ಇಟ್ಕೊಳ್ಳೋದು ನಾನೇ ನೋಡಿದೀನಿ. ನಯವಾಗಿ ಹೇಳು, ಬೀರುವಿನ ಮೇಲ್ಗಡೆ ಇಟ್ಟು ಟೈಮಿಗೆ ನೀನೇ ತಕ್ಕೊಡು. ಬೀರುವಿನಲ್ಲಿರೋ ನುಸಿಗುಳಿಗೆ ಬಿಳಿ ಪೆಪ್ಪರ್‌ಮಿಂಟ್ ಥರಾನೇ ಕಾಣ್ಸೋದು, ತೆಗೆದುಬಿಡು. ಸೀಮೆಎಣ್ಣೆ, ಫಿನಾಯಿಲ್, ಆಸಿಡ್ ಯಾವ್ದನ್ನೂ ನೀರಿನ ಬಾಟ್ಲಿಗೆ ತುಂಬಿಸಬೇಡಿ. ಅಕಸ್ಮಾತ್ ಕುಡಿದ್ರೆ ವಾಂತಿ ಮಾಡಿಸೋಕೆ ಹೋಗ್ಬೇಡಿ, ಸೀಮೆಎಣ್ಣೆ ವಾಪಸ್ ಬರ್ತಾ ಶ್ವಾಸಕೋಶಕ್ಕೆ ಇಳಿಯತ್ತೆ, ಬಾಟ್ಲಿ ಸಮೇತ ಆಸ್ಪತ್ರೆಗೆ ಓಡಿ. ಇಲಿ ಪೇಸ್ಟ್ ಅಂತೂ ಮನೇಲಿ ಬೇಡ್ವೇ ಬೇಡ. ಕೆಲವು ಪೇಸ್ಟಲ್ಲಿ ಹಳದಿ ರಂಜಕ ಇರತ್ತೆ, ಪಿತ್ತಜನಕಾಂಗ ಕೆಡಿಸತ್ತೆ, ಅದಕ್ಕೆ ಮದ್ದಿಲ್ಲ.

ಬಟನ್ ಸೆಲ್ ಗೊತ್ತಲ್ಲ, ಗುಂಡಿ ಥರದ ಪುಟ್ಟ ಬ್ಯಾಟರಿ, ಸಣ್ಣ ರಿಮೋಟು, ಲೈಟ್ ಹತ್ತೋ ಆಟದ ಸಾಮಾನು, ತೂಕದ ಮೆಷಿನ್ನಲ್ಲಿರತ್ತೆ. ನುಂಗಿ ಗಂಟಲಲ್ಲಿ ಸಿಕ್ಕಾಕ್ಕೊಂಡ್ರೆ ಎರಡೇ ಗಂಟೇಲಿ ಅನ್ನನಾಳ ಸುಡತ್ತೆ. ನಾಳೆ ಹೊರಗೆ ಬರತ್ತೆ ಅಂತ ಬಾಳೆಹಣ್ಣು ತಿನ್ನಿಸ್ಕೊಂಡು ಕಾಯೋ ವಿಷಯ ಅಲ್ಲ, ಆಗಲೇ ಎಕ್ಸ್‌ರೇ ಇರೋ ಆಸ್ಪತ್ರೆಗೆ ಹೋಗು. ಸೆಲ್ ಡಬ್ಬಿಗೆ ಸ್ಕ್ರೂ ಇಲ್ದಿರೋ ಸಾಮಾನು ಕೊಡ್ಲೇಬೇಡ. ಕಡ್ಲೇಕಾಯಿ ಬೀಜ, ಹುರಿಗಡಲೇನೂ ನಾಲ್ಕು ವರ್ಷ ಆಗೋವರೆಗೂ ಇಡಿಯಾಗಿ ಕೊಡಬೇಡಿ, ಪುಡಿ ಮಾಡಿ ಕೊಡಿ.

ಪ್ಲಗ್ ಮುಚ್ಚಳ ಹಾಕು, ಆದ್ರೆ ಅದಕ್ಕಿಂತ ಎಲೆಕ್ಟ್ರಿಷಿಯನ್ ಕರೆಸಿ ಮನೇಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ ತಕ್ಷಣ ತಾನೇ ಆಫ್ ಆಗೋ ಸ್ವಿಚ್ಚು, ಇದೆಯಾ ಅಂತ ಕೇಳು, ಇಲ್ದಿದ್ರೆ ಹಾಕಿಸು.

ಹಬ್ಬಕ್ಕೆ ಊರಿಗೆ ಹೋಗ್ತಿದೀರ ಅಂದ್ಯಲ್ಲ, ನಂಗೆ ಬೆಂಗಳೂರಿನ ಮನೆಗಿಂತ ಅದೇ ಚಿಂತೆ. ಹಂಡೆ ಒಲೆ, ಬಾವಿ, ಕೊಟ್ಟಿಗೆ ಅಟ್ಟದಲ್ಲಿ ಬೆಳೆಗೆ ಹೊಡೆಯೋ ಔಷಧಿ ಡಬ್ಬ, ಅಂಗಳದಲ್ಲಿ ಹಿಂದಕ್ಕೆ ತೆಗೆಯೋ ಕಾರು. ಮನೆ ತುಂಬ ಜನ ಇದ್ದಾಗ ಎಲ್ರೂ ಇನ್ಯಾರೋ ನೋಡ್ಕೋತಿದಾರೆ ಅನ್ಕೋತಾರೆ. ನೀವಿಬ್ರೂ ಬಾಯಿಬಿಟ್ಟು ಹೇಳ್ಕೊಳ್ಳಿ, "ಈಗ ನೀನು ನೋಡ್ಕೋ, ನಾನು ಸ್ನಾನಕ್ಕೆ ಹೋಗ್ತಿದೀನಿ" ಅಂತ, ಆ ಕಡೆಯಿಂದ "ಹ್ಞೂ" ಅಂತ ಬಂದ್ಮೇಲೇ ಎದ್ದೇಳಿ. "ನಾವೆಲ್ಲ ಹಿಂಗೇ ಬೆಳೆದಿಲ್ವಾ" ಅಂತ ದೊಡ್ಡೋರು ನಗ್ತಾರೆ, ನೀನೂ ನಗ್ತಾ ಇರು, ಬಾವಿಗೆ ಮಾತ್ರ ಬಲೆ ಹಾಕ್ಸು.

ಸೌಮ್ಯಂಗೂ ಓದೋಕೆ ಕೊಡು. ಸಂಪಿನ ಮುಚ್ಚಳದ ಫೋಟೋ ಕಳಿಸು.

ನಿನ್ನ,
ರವಿ