ಬಲಗಡೆ ಸ್ಪೀಕರ್ ಚೆನ್ನಾಗಿಯೇ ಇದೆ, ಅಪ್ಪ

ಓಸ್ಲೊ, ಮೇ 19

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಪುಟ್ಟಿಯ ಕೆಮ್ಮು ಹೋಗಿದೆ.

ಫೋನು ಬಿಟ್ಟು ಪತ್ರ ಯಾಕೆ ಅಂತ ಅಮ್ಮ ಕೇಳಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ಅಪ್ಪ "ಲೈನ್ ಸರಿಯಿಲ್ಲ, ಇರು, ಅಮ್ಮನಿಗೆ ಕೊಡ್ತೀನಿ" ಅಂತಾರೆ. ಅದೇ ಲೈನು ಅಮ್ಮನ ಕೈಗೆ ಹೋದ ಕೂಡಲೇ ಸರಿಹೋಗುತ್ತೆ. ಅಪ್ಪಾ, ಇದನ್ನು ನೀವೇ ಕೂತು ಪೂರ್ತಿ ಓದಿ.

ಮೊದಲು ಇಲ್ಲಿಂದ ಬಂದ ಮ್ಯೂಸಿಕ್ ಸೆಟ್ಟಿನ ವಿಷಯ ಮುಗಿಸಿಬಿಡುತ್ತೇನೆ. ಪ್ಲಗ್ಗು ಅಲ್ಲಾಡುತ್ತೆ ಅಂದಿರಿ. ಇಲ್ಲಿಯ ಪ್ಲಗ್ಗಿನ ಕಡ್ಡಿಗಳು ನಮ್ಮವಕ್ಕಿಂತ ಸ್ವಲ್ಪ ಸಣ್ಣ. ದಯವಿಟ್ಟು ಕಾಗದ ಮಡಚಿ ತುರುಕಬೇಡಿ. ಗುಂಡ ಎಸ್.ಪಿ. ರೋಡಿಗೆ ಹೋದಾಗ ಒಳ್ಳೆಯ ಅಡಾಪ್ಟರ್ ತರಲಿ. ಕರೆಂಟು ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಹಾಗಾಗಿ ಚಿಕ್ಕಪ್ಪ ಹೇಳಿದ ಟ್ರಾನ್ಸ್‌ಫಾರ್ಮರ್ ಬೇಡ.

ಡಿಎಬಿ ಅನ್ನೋ ಬಟನ್ ಒತ್ತಿದರೆ ಏನೂ ಬರಲ್ಲ ಅಂತಲೂ ಬರೆದಿದ್ದಿರಿ. ಬೆಂಗಳೂರಿನಲ್ಲಿ ಬರೋದೂ ಇಲ್ಲ. ಅದು ಇಲ್ಲಿಯ ಡಿಜಿಟಲ್ ರೇಡಿಯೊ. ನಾರ್ವೆಯವರು 2017ರಲ್ಲಿ ದೇಶಕ್ಕೆಲ್ಲ ಕೇಳುವ ಎಫ್‌ಎಂ ಸ್ಟೇಷನ್‌ಗಳನ್ನು ನಿಲ್ಲಿಸಿಬಿಟ್ಟರು, ಲೋಕದಲ್ಲೇ ಮೊದಲು. ಊರಿನ ಸಣ್ಣಪುಟ್ಟ ಸ್ಟೇಷನ್‌ಗಳಿಗೆ ಮಾತ್ರ ಎಫ್‌ಎಂ ಉಳಿಯಿತು. "ದುಡ್ಡು ಜಾಸ್ತಿಯಾದವರ ಕೆಲಸ" ಅಂತ ನೀವು ನಗ್ತೀರಿ, ಗೊತ್ತು. ಆದರೆ ಬೆಟ್ಟ, ಕಣಿವೆ ತುಂಬಿದ ದೇಶದಲ್ಲಿ ಎಫ್‌ಎಂ ನಡೆಸೋದೇ ದುಬಾರಿ, ಲೆಕ್ಕ ಹಾಕಿಯೇ ಮಾಡಿದ್ದಾರೆ. ನೀವು ಎಫ್‌ಎಂ ಬಟನ್ ಒತ್ತಿ. ಡಬ್ಬದಲ್ಲಿ ತೆಳ್ಳನೆ ವೈರ್ ಇದೆಯಲ್ಲ, ಅದೇ ಆಂಟೆನಾ. ಅದನ್ನು ಬಿಚ್ಚಿ ಕಿಟಕಿ ಪಕ್ಕದ ಗೋಡೆಗೆ ಅಂಟಿಸಿ, ಕಬ್ಬಿಣದ ಸರಳಿಗೆ ಸುತ್ತಬೇಡಿ. 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ ಬರಬೇಕು.

ಸುಧಾ ಅತ್ತೆ ವಾಟ್ಸಾಪಿನಲ್ಲಿ ಕಳಿಸಿದ ಮಾತು ಹಾಲಿನಲ್ಲೆಲ್ಲ ಮೊಳಗಿತಂತೆ, ಅದೂ ಚಿಕ್ಕಮ್ಮ ಎದುರಿಗೇ ಕೂತಿದ್ದಾಗ! ನಕ್ಕು ನಕ್ಕು ಸಾಕಾಯಿತು. ಅದೆಲ್ಲ ಬ್ಲೂಟೂತ್ ಮಹಿಮೆ. ಬ್ಲೂಟೂತ್ ಹಾಕಿದರೆ ಫೋನಿನ ಸದ್ದೆಲ್ಲ ಸೆಟ್ಟಿಗೇ ಹೋಗುತ್ತೆ. ಅದು ಮುಟ್ಟೋದು ಸುಮಾರು ಹತ್ತು ಮೀಟರ್ ದೂರ, ನಮ್ಮ ಹಳೇ ಗೋಡೆ ಅಡ್ಡ ಬಂದರೆ ಅಷ್ಟೂ ಇಲ್ಲ. ಅಮ್ಮ ಫೋನ್ ಹಿಡಿದು ಹಿತ್ತಲಿಗೆ ಹೋದಾಗೆಲ್ಲ ಹಾಡು ತುಂಡಾಗೋದು ಅದಕ್ಕೇ. ವೈಫೈನಲ್ಲಿ ಹಾಗಲ್ಲ. ಯಾವ ಹಾಡು ಅಂತ ಫೋನು ಹೇಳುತ್ತೆ ಅಷ್ಟೆ, ಹಾಡನ್ನು ಸೆಟ್ಟೇ ನೇರವಾಗಿ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತೆ. ಅತ್ತೆಯ ಗುಟ್ಟು ಅತ್ತೆಯ ಹತ್ತಿರವೇ ಉಳಿಯುತ್ತೆ.

ಆಪಿನಲ್ಲಿ ಸೆಟ್ಟು ಕಾಣಿಸದಿದ್ದರೆ ಫೋನು ಮೊಬೈಲ್ ಡೇಟಾದಲ್ಲಿದೆಯಾ ನೋಡಿ. ಫೋನೂ ಸೆಟ್ಟೂ ಒಂದೇ ವೈಫೈನಲ್ಲಿರಬೇಕು. ರೂಟರಿನ ಎರಡು ಹೆಸರು ಕಾಣುತ್ತಲ್ಲ, ಅದರಲ್ಲಿ ಕೊನೆಗೆ 5ಜಿ ಅಂತ ಇಲ್ಲದ್ದನ್ನು ಆರಿಸಿ. ಅದು 2.4 ಗಿಗಾಹರ್ಟ್ಸ್, ಗೋಡೆ ದಾಟಿ ಚೆನ್ನಾಗಿ ಬರುತ್ತೆ. ಕರೆಂಟ್ ಹೋಗಿ ಬಂದರೆ ಮೊದಲು ರೂಟರ್ ಸುಧಾರಿಸಿಕೊಳ್ಳಲಿ, ಆಮೇಲೆ ಸೆಟ್ ಹಾಕಿ.

ಇನ್ನು ಬಲಗಡೆ ಸ್ಪೀಕರ್. "ಹಾಡುವವರು ಎಡಗಡೆ ಮೂಲೆಗೆ ಹೋಗಿ ಕೂತಿದ್ದಾರೆ, ಬಲಗಡೇದು ಸತ್ತಿದೆ" ಅಂತ ಬರೆದಿದ್ದಿರಿ. ನಿಮ್ಮ ಕುರ್ಚಿ ಎಡಗಡೆ ಸ್ಪೀಕರಿಗೆ ಹತ್ತಿರ ಇರಬಹುದು ಅಂದುಕೊಂಡೆ. ಎರಡು ಸ್ಪೀಕರೂ ನೀವೂ ಸೇರಿ ಸಮ ತ್ರಿಕೋನ ಆಗಬೇಕು, ಕಿವಿಯ ಎತ್ತರಕ್ಕೆ ಇರಬೇಕು, ಹಿಂದಿನ ಗೋಡೆಗೆ ಅಂಟಿರಬಾರದು ಅಂತ ಹೇಳಿದೆ. ಅದನ್ನೂ ಮಾಡಿದಿರಿ. ವೈರು ನೋಡಿ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಒಂದು ಕಡೆ ತಿರುಗುಮುರುಗಾದರೂ ಮೃದಂಗದ ಗುಮ್ಕಿಯೇ ಮಾಯವಾಗುತ್ತೆ ಅಂದೆ. ಅದೂ ಸರಿಯಾಗಿತ್ತು.

ಆಮೇಲೆ ಅಮ್ಮ ಬರೆದಳು. ಗುಂಡ ಎರಡು ಸ್ಪೀಕರನ್ನೂ ಅದಲುಬದಲು ಮಾಡಿ ಇಟ್ಟನಂತೆ. ಆದರೂ ನೀವು "ಬಲಗಡೇದೇ ಸರಿಯಿಲ್ಲ" ಅಂದಿರಂತೆ.

ಅಪ್ಪಾ, ಸ್ಪೀಕರ್ ಕೆಟ್ಟಿದ್ದರೆ ತೊಂದರೆ ಅದರ ಜೊತೆ ಎಡಗಡೆಗೆ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ನೀವು ಕೇಳುವ ಹಳೇ ಕಚೇರಿಗಳು ಮೋನೊ ರೆಕಾರ್ಡಿಂಗು, ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ಎರಡೂ ಕಿವಿಗೆ ಅದು ಸಮವಾಗಿ ಬಿದ್ದರೆ ಹಾಡುವವರು ನಡುವೆ ಕೂತಂತೆ ಕೇಳುತ್ತೆ. ಒಂದು ಕಿವಿ ಮಂದವಾದರೆ ಇನ್ನೊಂದು ಕಡೆಗೆ ಸರಿದ ಹಾಗೆ ಕೇಳುತ್ತೆ. ಬೇಕಾದರೆ ಕುರ್ಚಿ ತಿರುಗಿಸಿ ಸೆಟ್ಟಿಗೆ ಬೆನ್ನು ಹಾಕಿ ಕೂತು ನೋಡಿ. ಆಗಲೂ ನಿಮ್ಮ ಬಲಕ್ಕೇ ಮಂಕಾದರೆ ಸೆಟ್ಟನ್ನು ಬೈದು ಪ್ರಯೋಜನವಿಲ್ಲ.

ನೀವು ಫೋನನ್ನು ಈಗ ಎಡಗಿವಿಗೆ ಹಿಡಿಯುತ್ತೀರಂತೆ. ಬೆಲ್ಲು ಹೊಡೆದರೆ ತಿಳಿಯಲ್ಲವಂತೆ. ಈ ಸಲ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಿಂದ ಅರ್ಧಕ್ಕೇ ಎದ್ದು ಬಂದಿರಂತೆ. ಮಂಗಳ ಹಾಡುವ ತನಕ ನಮ್ಮನ್ನೂ ಕೂರಿಸುತ್ತಿದ್ದವರು ನೀವು. ಅಮ್ಮ ಇದನ್ನೆಲ್ಲ ಚಾಡಿ ಅಂತ ಹೇಳಿಲ್ಲ, ಅವಳನ್ನು ಬೈಯಬೇಡಿ.

ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ನಿಧಾನವಾಗಿ ಬರುತ್ತೆ. ಒಂದೇ ಕಿವಿ ಅಂದರೆ ಕಾರಣ ಬೇರೆ ಇರುತ್ತೆ. ಬಹುಶಃ ಗುಗ್ಗೆ ಕಟ್ಟಿರುತ್ತೆ, ತೆಗೆದರೆ ಆಯಿತು. ಆದರೆ ಇದ್ದಕ್ಕಿದ್ದ ಹಾಗೆ ಆಗಿದ್ದರೆ ಕಾಯುವ ಹಾಗಿಲ್ಲ. ಅದಕ್ಕೆ ಕೆಲವೇ ದಿನಗಳಲ್ಲಿ ಔಷಧಿ ಶುರು ಮಾಡಬೇಕು, ತಡವಾದಷ್ಟೂ ಗುಣವಾಗೋದು ಕಷ್ಟ. ಯಾವಾಗಿನಿಂದ ಹೀಗೆ? ಗುಂಯ್ ಅನ್ನುತ್ತಾ? ತಲೆ ಸುತ್ತುತ್ತಾ? ಈ ಮೂರನ್ನೂ ಇಎನ್‌ಟಿ ಡಾಕ್ಟರಿಗೆ ಹೇಳಿ. ನಾಳೆಯೇ ಹೋಗಿ. ಬೆಳ್ಳುಳ್ಳಿ ಎಣ್ಣೆ ಬೇಡ, ಕಡ್ಡಿ ಹಾಕೋದಂತೂ ಬೇಡವೇ ಬೇಡ. ಅಲ್ಲಿಯವರೆಗೆ ಸ್ಕೂಟರ್ ತೆಗೆಯಬೇಡಿ. ನಮ್ಮ ರಸ್ತೆಯಲ್ಲಿ ಹಿಂದಿನಿಂದ ಬರುವವರು ಬಲಗಡೆಯಿಂದಲೇ ನುಗ್ಗೋದು. ರಾತ್ರಿ ಅದನ್ನು ನೆನೆಸಿಕೊಂಡರೆ ನಿದ್ದೆ ಬರಲ್ಲ.

ಪರೀಕ್ಷೆಗೆ ಹೆದರಬೇಡಿ. ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಪುಟ್ಟ ಪುಟ್ಟ ಸದ್ದು ಬಂದಾಗ ಬಟನ್ ಒತ್ತಬೇಕು. ಅಷ್ಟೆ. ಒಂದೊಂದು ಕಿವಿಗೂ ಗ್ರಾಫ್ ಕೊಡುತ್ತಾರೆ. ಇನ್ನೂ ವಿವರ ಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ದೊಡ್ಡಮ್ಮನ ಮನೆಯಲ್ಲಿ ಉಳಿಯಬಹುದು. ದುಡ್ಡಿನ ಮಾತೇ ಬೇಡ, ನಾನು ಕಳಿಸುತ್ತೇನೆ. ಮೆಷಿನ್ ಹಾಕಿಸುತ್ತಾರೆ ಅಂತ ಈಗಲೇ ಮುಖ ಸಿಂಡರಿಸಬೇಡಿ. ಅಜ್ಜ ಕೊನೆಗೆ ಯಾರ ಮಾತಿಗೂ ಸೇರದೆ ಜಗಲಿಯಲ್ಲಿ ಒಬ್ಬರೇ ಕೂರುತ್ತಿದ್ದರು ಅಂತ ಮರುಗಿದವರು ನೀವೇ ಅಲ್ವಾ?

ಏನೂ ಆಗಿರಲ್ಲ. ಖಂಡಿತ ಏನೂ ಆಗಿರಲ್ಲ. ಗುಗ್ಗೆಯೇ ಇರುತ್ತೆ. ಅಮ್ಮಾ, ನೀನು ಸುಮ್ನೆ ಹರಕೆ ಗಿರಕೆ ಹೊರಬೇಡ. ಜೊತೆಗೆ ಹೋಗಿ ಡಾಕ್ಟರ ಮಾತನ್ನು ನೀನೇ ಕೇಳಿಸಿಕೊಂಡು ಬಾ, ಅದು ಸಾಕು.

ಮೊನ್ನೆ 17 ನಾರ್ವೆಯವರ ರಾಷ್ಟ್ರೀಯ ದಿನ. ಇಲ್ಲಿ ಸೈನ್ಯದ ಬದಲು ಶಾಲೆಯ ಮಕ್ಕಳೇ ಬ್ಯಾಂಡು ಬಾರಿಸುತ್ತ ಅರಮನೆಯ ಮುಂದೆ ಹೋಗುತ್ತಾರೆ. ಅಪಸ್ವರಕ್ಕೆ ಕೊರತೆಯಿಲ್ಲ, ಆದರೂ ರಾಜ ಹೊರಗೆ ನಿಂತು ಎಲ್ಲರಿಗೂ ಕೈ ಬೀಸುತ್ತಾನೆ. ಪುಟ್ಟಿಯನ್ನು ಹೆಗಲ ಮೇಲೆ ಹೊತ್ತು ಇವರು ಸುಸ್ತಾದರು. ಮುಂದಿನ ವರ್ಷ ನೀವೇ ಬಂದು ಹೊರಬೇಕು.

ಪುಟ್ಟಿಯ ಶಿಶುವಿಹಾರ ಮುಚ್ಚುವ ಹೊತ್ತಾಯಿತು, ತಡವಾದರೆ ಇಲ್ಲಿಯವರು ಬೈಯಲ್ಲ, ಗಡಿಯಾರ ನೋಡ್ತಾರೆ. ಓಡುತ್ತೇನೆ. ಡಾಕ್ಟರ್ ಏನಂದರು ಅಂತ ಅವತ್ತೇ ತಿಳಿಸಿ. ಗ್ರಾಫಿನ ಫೋಟೊ ಗುಂಡ ಕಳಿಸಲಿ, ಎರಡೂ ಕಿವಿಯದು.

ಇತಿ,
ಚಿನ್ನು